ಹಾವಸೆ ಚೀಲ: ಗಾಳಿಯಲ್ಲಿರುವ ಲೋಹಗಳ ಪತ್ತೆ ಹೇಗೆ?

ಹಾವಸೆಗೆ ನಿಜವಾದ ಬೇರಿಲ್ಲ, ಎಲೆಯ ಮೇಲೆ ಮೇಣದ ದಪ್ಪ ಪದರವೂ ಇಲ್ಲ. ಮಳೆ, ಇಬ್ಬನಿ, ದೂಳಿನಿಂದಲೇ ಬದುಕುವ ಅದು ಗಾಳಿಯಲ್ಲಿ ತೇಲುವ ಸೀಸ, ಸತು, ಕ್ಯಾಡ್ಮಿಯಂಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಾವಸೆಯಿಂದ ಲೋಹ ಅಳೆಯುವ ಕ್ರಮ ಸ್ವೀಡನ್ನಿನಲ್ಲಿ 1960ರ ದಶಕದ ಕೊನೆಗೆ ಆರಂಭವಾಯಿತು; ಶುಚಿಗೊಳಿಸಿದ ಹಾವಸೆಯನ್ನು ಬಲೆಯ ಚೀಲದಲ್ಲಿ ತುಂಬಿ ತೂಗುಹಾಕುವ ವಿಧಾನ 1971ರಲ್ಲಿ ಬ್ರಿಟನ್ನಿನಿಂದ ಬಂತು. ಈ ಚೀಲದ ಪರೀಕ್ಷೆಯನ್ನು ಪ್ರಾಜೆಕ್ಟಿಗೆ ಆರಿಸಿಕೊಳ್ಳುವ ನಮ್ಮ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಚೀಲ ಸಿದ್ಧಪಡಿಸುವಾಗ.

ಮೊದಲು ಸಂಗ್ರಹ. ಕಾಂಪೌಂಡ್ ಗೋಡೆಯ ಹಾವಸೆಯಲ್ಲಿ ಸಿಮೆಂಟು, ಸುಣ್ಣ ಬೆರೆತಿರುತ್ತದೆ. ಕೊಡಗಿನ ಕಾಫಿ ತೋಟದ್ದೂ ಬೇಡ; ಅಲ್ಲಿ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವುದರಿಂದ ಹಾವಸೆಗೆ ಮೊದಲೇ ತಾಮ್ರ ಅಂಟಿರಬಹುದು. ರಸ್ತೆಯಿಂದ ದೂರದ ಒಂದೇ ಜಾಗದಿಂದ, ಒಂದೇ ಜಾತಿಯದನ್ನು, ಮಾಲೀಕರ ಅಥವಾ ಅರಣ್ಯ ಇಲಾಖೆಯ ಅನುಮತಿ ಪಡೆದು ಮಳೆಗಾಲದಲ್ಲಿ ತೆಗೆಯಿರಿ. ಅಲಂಕಾರಕ್ಕೆಂದು ಮಾರುವ, ಬಣ್ಣ ಹಾಕಿದ ಒಣ ಹಾವಸೆಯ ಪೊಟ್ಟಣ ಇದಕ್ಕೆ ಬಾರದು.

ಇನ್ನು ಶುಚಿಗೊಳಿಸುವಿಕೆ, ಆತುರ ಸಲ್ಲದ ಹಂತ. ಪುಡಿಯಿಲ್ಲದ ಕೈಗವಸು ತೊಟ್ಟು, ಪ್ಲಾಸ್ಟಿಕ್ ಚಿಮಟದಿಂದ ಕಂದು ಬುಡ, ಮಣ್ಣು, ತೊಗಟೆಯ ಚೂರುಗಳನ್ನು ತೆಗೆದು ಹಸಿರು ತುದಿಗಳನ್ನಷ್ಟೇ ಉಳಿಸಿಕೊಳ್ಳಬೇಕು. ನಲ್ಲಿ ನೀರು ಸಲ್ಲದು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಕ್ಯಾನನ್ನೂ ನಾನು ನಂಬುವುದಿಲ್ಲ, ಕಾಲೇಜಿನ ಲ್ಯಾಬಿನದೇ ಇರಲಿ. ಉಜ್ಜದೆ, ನೀರಿನಲ್ಲಿ ಅಲ್ಲಾಡಿಸಿ, ನೀರು ತಿಳಿಯಾಗುವವರೆಗೆ ಬದಲಿಸುತ್ತಾ ತೊಳೆದು, 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ. ಸುಮಾರು 2 ಮಿ.ಮೀ. ಕಣ್ಣಿನ ನೈಲಾನ್ ಬಲೆಯ ಚೀಲಗಳಿಗೆ ಸಮತೂಕದಲ್ಲಿ, ಸಡಿಲವಾಗಿ ತುಂಬಿ. ಒತ್ತಿ ತುಂಬಿದರೆ ಒಳಗಿನ ಎಳೆಗಳಿಗೆ ಗಾಳಿಯೇ ತಾಗದು. ಕಟ್ಟಲು ಜಿ.ಐ. ತಂತಿ ಬಳಸಿದರೆ ಅದರ ಸತುವಿನ ಲೇಪವೇ ಫಲಿತಾಂಶವನ್ನು ಕೆಡಿಸುತ್ತದೆ, ನೈಲಾನ್ ದಾರವೇ ಆಗಬೇಕು. ಕೆಲವು ಚೀಲಗಳನ್ನು ಎಲ್ಲಿಯೂ ತೂಗುಹಾಕದೆ ಮುಚ್ಚಿಡಿ. ಹೋಲಿಕೆಗೆ ಅವು ಬೇಕು.

ತೂಗುಹಾಕುವುದು ಸುಲಭ: ಮೈಸೂರಿನ ರಿಂಗ್ ರಸ್ತೆ, ಹೆಬ್ಬಾಳ ಕೈಗಾರಿಕಾ ಪ್ರದೇಶ, ಕುಕ್ಕರಹಳ್ಳಿ ಕೆರೆಯ ದಂಡೆ, ಮಂಡ್ಯ ಕಡೆಯವರಾದರೆ ಆಲೆಮನೆಯ ಆಸುಪಾಸು, ಎಲ್ಲೆಡೆಯೂ ಒಂದೇ ಎತ್ತರದಲ್ಲಿ, ಕೈಗೆಟುಕದಂತೆ, ಆರು ವಾರ. ಮಳೆ ಬಿದ್ದರೆ ಹಿಡಿದ ದೂಳು ತೊಳೆದುಹೋಗುವುದರಿಂದ ಜನವರಿ, ಫೆಬ್ರುವರಿಯೇ ಸೂಕ್ತ. ಇಳಿಸಿದ ಮೇಲೆ ಮತ್ತೆ ತೊಳೆಯಬಾರದು.

ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಲೋಹ ಅಳೆಯುವ ಕೆಲಸ ಪರಿಣತ ಪ್ರಯೋಗಾಲಯದ್ದು, ಮನೆಯದಲ್ಲ. ವರದಿ ಬಂದಾಗ ಮುಚ್ಚಿಟ್ಟ ಚೀಲಗಳ ಸರಾಸರಿಯನ್ನು ಕಳೆಯಿರಿ. ಟೈರ್ ಸವೆತದ ಸತು, ಬ್ರೇಕಿನ ತಾಮ್ರ ರಸ್ತೆ ಬದಿಯಲ್ಲಿ ಹೆಚ್ಚಿರುವುದು ಸಹಜವಾದರೂ, ಆ ಹೆಚ್ಚಳವು ಮುಚ್ಚಿಟ್ಟ ಚೀಲಗಳ ನಡುವಿನ ವ್ಯತ್ಯಾಸಕ್ಕಿಂತ ಕಡಿಮೆಯಿದ್ದರೆ ಅದನ್ನು ಮಾಲಿನ್ಯವೆಂದು ಬರೆಯಬೇಡಿ.