ಎರಡು ನಿಮಿಷದ ಸ್ವರ ಸುದ್ದಿ: ಬದಿಯಡ್ಕದಲ್ಲಿ ನನ್ನ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಎಣ್ಮಕಜೆ ಕಡೆಯ ಸುದ್ದಿಯನ್ನು ದಿನಾ ರಾತ್ರಿ ಕನ್ನಡದಲ್ಲಿ ಓದಿ ವಾಟ್ಸಾಪ್‌ಗೆ ಹಾಕುತ್ತೇನೆ. ಪಕ್ಷದ ಹಣ ಇಲ್ಲ, ಜಾಹೀರಾತೂ ಇಲ್ಲ. "ಆರು ತಿಂಗಳು ನಡೆದರೆ ಜಾಸ್ತಿ" ಎಂದವರು ಪೇಟೆಯಲ್ಲಿ ತುಂಬಾ ಇದ್ದರು. ಈಗ ನಾಲ್ಕನೇ ವರ್ಷ.

ಮೊದಲು ಎಲ್ಲರ ಹಾಗೆ, ಊರಲ್ಲಿ ಹಬ್ಬಿದ ಸುಳ್ಳು ಸುದ್ದಿಯ ಮೇಲೆ 'ಸುಳ್ಳು' ಎಂದು ಕೆಂಪು ಮುದ್ರೆ ಹೊಡೆದ ಪೋಸ್ಟರ್ ಮಾಡಿದೆ. ಯಾರೋ ಮುದ್ರೆಯ ಭಾಗ ಕತ್ತರಿಸಿ ಉಳಿದದ್ದನ್ನು ಫಾರ್ವರ್ಡ್ ಮಾಡಿದರು. ಸುಳ್ಳನ್ನು ನಾನೇ ಊರಿಗೆ ಹಂಚಿದ ಹಾಗಾಯಿತು. ಎರಡು ದಿನ ನಿದ್ದೆ ಬರಲಿಲ್ಲ. ಆಮೇಲೆ ವೆಬ್‌ಸೈಟ್. ಓದುವವರೇ ಇಲ್ಲ. ಎರಡೂ ಸೇರಿ 40 ಸಾವಿರದ ಹತ್ತಿರ ಹೋಯಿತು. ಒಂದು ರಸ್ತೆ ಕಾಮಗಾರಿ ಬಗ್ಗೆ 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಸಿಕ್ಕಿದ ಲೆಕ್ಕ ಪ್ರಕಟಿಸಿದೆ. ಇದ್ದ ಒಂದೇ ಜಾಹೀರಾತೂ ನಿಂತಿತು. ಅವತ್ತಿನಿಂದ ಜಾಹೀರಾತು ಕೇಳುವುದನ್ನೇ ಬಿಟ್ಟೆ.

ದಾರಿ ಸಿಕ್ಕಿದ್ದು ಮಳೆಗಾಲದ ರಜೆಯಿಂದ. ಒಂದು ರಾತ್ರಿ, ನಾಳೆ ಶಾಲೆಗೆ ರಜೆ ಎಂದು ಜಿಲ್ಲಾಧಿಕಾರಿ ಹೆಸರಿನ ಮಲಯಾಳ ಆದೇಶ ಬಂತು. ಮಲಯಾಳ ಓದಲು ಬಾರದವರು ಅದರ ಕೆಳಗೆ ಯಾರೋ ಬರೆದ ಕನ್ನಡವನ್ನೇ ನಂಬುತ್ತಾರೆ, ಅಲ್ವಾ? ಫೋಟೋ ದೊಡ್ಡದು ಮಾಡಿ ನೋಡಿದೆ. ತಾರೀಕಿನ ಅಂಕಿ ಮಾತ್ರ ಸ್ವಲ್ಪ ದಪ್ಪ. ವಾರ ಬುಧವಾರ ಎಂದಿತ್ತು, ಮರುದಿನ ಶುಕ್ರವಾರ. ಹಳೆಯ ಆದೇಶ ತಿದ್ದಿದ್ದರು. ಕಚೇರಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡು ಸ್ವರ ಹಾಕಿದೆ: "ನಾಳೆ ಶಾಲೆ ಉಂಟು, ಮಕ್ಕಳನ್ನು ಕಳಿಸಿ." ನಿಜ ಮೊದಲು, ಹೇಗೆ ಗೊತ್ತಾಯಿತು ಎನ್ನುವುದು ಮತ್ತೆ. ಸುಳ್ಳಿನಿಂದ ಶುರು ಮಾಡಲೇಬಾರದು. ಅಡಿಕೆ ಸುಲಿಯುವವರು ಕೈ ನಿಲ್ಲಿಸದೆ ಕೇಳುತ್ತಾರೆ. ಪೋಸ್ಟರಿನಲ್ಲಿ ಅದು ಆಗುತ್ತಿರಲಿಲ್ಲ.

ರಜೆ ಸುದ್ದಿಯಲ್ಲಿ ನಂಬಿದವರೇ ದೊಡ್ಡ ಸುದ್ದಿಯಲ್ಲೂ ನಂಬಿದರು. 2024ರ ಲೋಕಸಭಾ ಚುನಾವಣೆ, ನಮ್ಮಲ್ಲಿ ಎಪ್ರಿಲ್ 26ಕ್ಕೆ ಮತದಾನ. 'ಆಧಾರ್ ಜೋಡಿಸದವರ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆದಿದ್ದಾರೆ' ಎಂಬ ಆಡಿಯೋ ಹಬ್ಬಿತು. ಜೋಡಿಸುವುದು ಕಡ್ಡಾಯ ಅಲ್ಲ, ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ, ಇಲ್ಲವೇ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಹತ್ತಿರ ಪಟ್ಟಿ ನೋಡಿ ಎಂದು ಮೂರು ದಿನ ಓದಿದೆ. ಪೆರ್ಲದ ಹತ್ತಿರದ ಅಜ್ಜಿಯೊಬ್ಬರು "ಮಾಷ್ಟ್ರೇ, ನನ್ನ ಹೆಸರು ಉಂಟಾ?" ಎಂದು ಮನೆಗೇ ಬಂದರು. ಪಟ್ಟಿಯಲ್ಲಿ ತೋರಿಸಿದೆ. ಕ್ರಮಸಂಖ್ಯೆಯನ್ನು ಅಂಗೈಯಲ್ಲಿ ಪೆನ್ನಲ್ಲಿ ಬರೆಸಿಕೊಂಡು ಹೋದರು.

ಒಂದು ತೊಂದರೆ ಹೇಳುತ್ತೇನೆ. ವಾಟ್ಸಾಪ್‌ನಲ್ಲಿ ಒಂದೇ ಸಲ ತುಂಬಾ ಜನರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಮಾತ್ರ. ನಮ್ಮ ನಂಬರ್ ಸೇವ್ ಮಾಡದವರಿಗೆ ಅದು ಹೋಗುವುದೇ ಇಲ್ಲ. ಇದು ಗೊತ್ತಾಗದೆ ಎರಡು ತಿಂಗಳು ಸುಮ್ನೆ ಹೋಯಿತು. ಕೊನೆಗೆ ಮನೆ ಮನೆಗೆ ಹೋಗಿ ನಾನೇ ಸೇವ್ ಮಾಡಿಕೊಟ್ಟೆ. ಈಗ ಏಳು ಪಟ್ಟಿ ಇವೆ. ಸುಳ್ಳು ಎಲ್ಲಿಂದ ಹೊರಟಿತು ಎಂದು ಹಿಡಿಯಲು ನನ್ನದೊಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹಬ್ಬಿಸುವವರೂ ಓದುತ್ತಾರೆ.

ನಡುವೆ ಬ್ಯಾರಿ ಭಾಷೆಯಲ್ಲೂ ಪ್ರಯತ್ನಿಸಿದೆವು. ಓದುತ್ತಿದ್ದ ಗೆಳೆಯ ಗಲ್ಫಿಗೆ ಹೋದ, ನಿಂತಿತು. ತುಳು ಮಾತ್ರ ಗಟ್ಟಿಯಾಗಿ ನಿಂತಿದೆ. ಭಾನುವಾರದ ತುಳು ಸುದ್ದಿಯನ್ನೇ ಜನ ಜಾಸ್ತಿ ಕೇಳುತ್ತಾರೆ.

ತಿಂಗಳಿಗೆ 50 ರೂಪಾಯಿ ಕೊಡುವವರು 230ರ ಆಸುಪಾಸು ಇದ್ದಾರೆ. ಪೆಟ್ರೋಲು, ನೆಟ್, ಸಹಾಯಕ್ಕಿರುವ ಹುಡುಗಿಗೆ 5 ಸಾವಿರ, ಎಲ್ಲ ಕಳೆದು ಎರಡೋ ಮೂರೋ ಸಾವಿರ ಉಳಿಯುತ್ತದೆ. ಲೆಕ್ಕವನ್ನು ಪ್ರತಿ ತಿಂಗಳ ಕೊನೆಗೆ ಸ್ವರದಲ್ಲೇ ಓದುತ್ತೇನೆ. ಮೊನ್ನೆ ಪೆಟ್ರೋಲಿನ ಖರ್ಚು ಓದಲು ಮರೆತಿದ್ದೆ, ಹನ್ನೊಂದು ಜನ ಫೋನ್ ಮಾಡಿ ಕೇಳಿದರು.