ಕಾಲೇಜ್ ಸಾಕರ್‌ನಲ್ಲಿ ಸೆಂಟರ್‌ಬ್ಯಾಕ್: ಮೊದಲ ಎರಡು ಸೀಸನ್ ನಾನು ಆಡಿದ್ದು ಹೀಗೆ

ಅಮೆರಿಕದ ಕಾಲೇಜ್ ಸಾಕರ್‌ಗೆ, ಅಂದರೆ ಫುಟ್‌ಬಾಲ್‌ಗೆ, ಡಿಫೆಂಡರ್ ಆಗಿ ಇಳಿಯುವ ಹುಡುಗಿ ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ್ದು ಬದಲಿ ಆಟಗಾರ್ತಿಯರ ನಿಯಮ. ನಾನು ಆಡಿದ ಎನ್‌ಸಿಎಎ (ಅಮೆರಿಕದ ಕಾಲೇಜ್ ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಪಂದ್ಯಗಳಲ್ಲಿ, ಮೊದಲ 45 ನಿಮಿಷದಲ್ಲಿ ಹೊರಗೆ ಹೋದವಳು ಆ ಅರ್ಧದಲ್ಲಿ ಮರಳುವಂತಿರಲಿಲ್ಲ, ಎರಡನೇ ಅರ್ಧಕ್ಕೆ ಬರಬಹುದಿತ್ತು. ಎರಡನೇ ಅರ್ಧದಲ್ಲಿ ಹೊರಗೆ ಹೋದವಳಿಗೆ ಇನ್ನೊಂದು ಸಲ ಒಳಗೆ ಬರುವ ಅವಕಾಶವಿತ್ತು. ಹಾಗಾಗಿ 25ನೇ ನಿಮಿಷದ ಆಸುಪಾಸಿನಲ್ಲಿ ಎದುರಾಳಿ ಕೋಚ್ ಮೂವರು ಫಾರ್ವರ್ಡ್‌ಗಳನ್ನು ಒಟ್ಟಿಗೇ ಬದಲಿಸಿಬಿಡುತ್ತಾರೆ. ಡಿಫೆಂಡರ್‌ಗಳ ಹಿಂದಿನ ಸಾಲನ್ನು ಮಾತ್ರ ಸಾಮಾನ್ಯವಾಗಿ ಯಾರೂ ಮುಟ್ಟುವುದಿಲ್ಲ. ನೀವು 90 ನಿಮಿಷವೂ ಅಲ್ಲೇ. ಎದುರಿಗೆ ಬರುವ ಕಾಲುಗಳು ಮಾತ್ರ ಹೊಸವು. ಕಡಿಮೆ ಓಡಿ ಸರಿಯಾದ ಜಾಗದಲ್ಲಿ ನಿಲ್ಲುವುದನ್ನು ಕಲಿಯದ ಡಿಫೆಂಡರ್ 70ನೇ ನಿಮಿಷಕ್ಕೆ ಸಿಕ್ಕಿಬೀಳುತ್ತಾಳೆ.

ಪ್ರೀಸೀಸನ್, ಅಂದರೆ ಸೀಸನ್‌ಗೆ ಮುಂಚಿನ ತಂಡದ ಅಭ್ಯಾಸ, ಆಗಸ್ಟ್ ಆರಂಭದಲ್ಲಿ. ಮೊದಲ ಪಂದ್ಯಕ್ಕೆ ಎರಡು ವಾರ ಸಿಕ್ಕರೆ ಹೆಚ್ಚು, ಅಷ್ಟರಲ್ಲಿ ದಮ್ಮು ಕಟ್ಟಿಕೊಳ್ಳಲು ಆಗುವುದಿಲ್ಲ. ಅದನ್ನು ಬೇಸಿಗೆಯಲ್ಲೇ ಕಟ್ಟಿಕೊಂಡು ಬರಬೇಕು. ನಾನು ವಾರಕ್ಕೆರಡು ಸಲ ಮಾಡುತ್ತಿದ್ದುದು 120 ಗಜದ ಓಟ: ಹೋಗುವುದು ಸುಮಾರು 18 ಸೆಕೆಂಡ್, ಮೆಲ್ಲಗೆ ಓಡಿ ವಾಪಸ್ ಬರುವುದು 30 ಸೆಕೆಂಡ್, ನಿಲ್ಲುವುದು 30 ಸೆಕೆಂಡ್. ಹೀಗೆ ಹತ್ತು ಸಲ. ಮೊದಲ ಮೂರನ್ನು 16 ಸೆಕೆಂಡಿನಲ್ಲಿ ಮುಗಿಸಿ ಏಳನೆಯದಕ್ಕೆ ಕೈಚೆಲ್ಲುವುದು ಹೊಸಬರು ಮಾಡುವ ತಪ್ಪು. ಹತ್ತಕ್ಕೂ ಒಂದೇ ಸಮಯ ಬರುವಂತೆ ಓಡಿ.

ಒಬ್ಬಳ ಎದುರು ಒಬ್ಬಳು ನಿಂತಾಗಿನ ಲೆಕ್ಕ ಬೇರೆ. ಪಾಸ್ ಅವಳತ್ತ ಹೊರಟ ಕ್ಷಣದಲ್ಲೇ ಪೂರ್ತಿ ವೇಗದಲ್ಲಿ ಹೊರಡಿ, ಚೆಂಡು ಅವಳ ಕಾಲು ಮುಟ್ಟುವ ಹೊತ್ತಿಗೆ ಹೆಜ್ಜೆ ಚಿಕ್ಕದಾಗಿರಲಿ. ಕೊನೆಯ ಮೂರು ನಾಲ್ಕು ಹೆಜ್ಜೆಯಲ್ಲಿ ವೇಗ ಇಳಿಸದಿದ್ದರೆ ಅವಳ ಮೊದಲ ಸ್ಪರ್ಶಕ್ಕೇ ನೀವು ದಾಟಿಹೋಗಿರುತ್ತೀರಿ. ದೂರ ಒಂದೂವರೆ ತೋಳಿನಷ್ಟು. ಎದೆ ನೇರ ಎದುರಾಗಬಾರದು. ಒಂದು ಕಾಲು ಮುಂದೆ, ಒಂದು ಹಿಂದೆ, ಮೊಣಕಾಲು ಬಾಗಿ, ಭಾರ ಮುಂಗಾಲಿನ ಮೇಲೆ. ಪಾದಗಳು ಒಂದೇ ಸಾಲಿನಲ್ಲಿದ್ದರೆ ಚೆಂಡು ಕಾಲ ಸಂದಿಯಲ್ಲೇ ಹೋಗುತ್ತದೆ. ಓಡಿ ಬರುವಾಗಲೇ ಸ್ವಲ್ಪ ಬಳಸಿ ಬನ್ನಿ, ಅವಳಿಗೆ ಬದಿಗೆರೆಯ ಕಡೆಯ ದಾರಿ ಮಾತ್ರ ತೆರೆದಿರಲಿ. ಕಾಲು ಹಾಕುವುದು ಚೆಂಡು ಅವಳ ಕಾಲಿನಿಂದ ದೂರವಾದ ಗಳಿಗೆಯಲ್ಲಿ, ಅದಕ್ಕೆ ಮೊದಲಲ್ಲ. ನೆಲಕ್ಕೆ ಜಾರಿ ಮಾಡುವ ಟ್ಯಾಕಲ್ ನೋಡಲು ಚೆನ್ನ, ಆದರೆ ತಪ್ಪಿದರೆ ಎದ್ದು ನಿಲ್ಲುವಷ್ಟರಲ್ಲಿ ತಂಡ ಒಬ್ಬಳಿಲ್ಲದೆ ಆಡುತ್ತಿರುತ್ತದೆ. ನನ್ನ ಮಟ್ಟಿಗೆ ಅದು ಪೆನಾಲ್ಟಿ ಚೌಕದೊಳಗೆ ಗೋಲು ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಐದು ಹಳದಿ ಕಾರ್ಡ್ ಸೇರಿದರೆ ಒಂದು ಪಂದ್ಯ ಹೊರಗೆ ಕೂರಬೇಕು ಎಂಬುದೂ ನೆನಪಿರಲಿ.

ಇನ್ನು ಸಾಲು. ಯಾವಾಗ ಮುಂದೆ ಹೋಗಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬುದಕ್ಕೆ ನಾನು ನೋಡುತ್ತಿದ್ದುದು ಚೆಂಡು ಇಟ್ಟುಕೊಂಡವಳ ತಲೆಯನ್ನು. ತಲೆ ಎತ್ತಿದ್ದಾಳೆ, ಮೇಲೆ ಬಿದ್ದು ಒತ್ತಡ ಹಾಕುವವರು ಯಾರೂ ಇಲ್ಲ ಎಂದರೆ ಉದ್ದ ಪಾಸ್ ಬಂದೇ ಬರುತ್ತದೆ. ಅವಳು ಕಾಲು ಹಿಂದಕ್ಕೆ ಎತ್ತುವ ಮೊದಲೇ ಮೂರು ನಾಲ್ಕು ಹೆಜ್ಜೆ ಹಿಂದೆ. ತಲೆ ತಗ್ಗಿದೆ, ಬೆನ್ನು ತಿರುಗಿದೆ, ಅಥವಾ ಚೆಂಡು ಹಿಂದಕ್ಕೆ ಹೋಗುತ್ತಿದೆ ಎಂದರೆ ಸಾಲು ಪೂರ್ತಿಯಾಗಿ ಮುಂದೆ. ಆಫ್‌ಸೈಡ್ (ಪಾಸ್ ಹೊರಟಾಗ ಎದುರಾಳಿ ನಮ್ಮ ಸಾಲಿನ ಕೊನೆಯವಳನ್ನೂ ದಾಟಿ ನಿಂತಿರುವುದು) ಹಿಡಿಯಲು ಒಬ್ಬಳೇ ಮುಂದೆ ನುಗ್ಗುವುದು ಅಪಾಯ. ಮೂವರು ಹೋಗಿ ನಾಲ್ಕನೆಯವಳು ಎರಡು ಗಜ ಹಿಂದುಳಿದರೂ ಎದುರಾಳಿ ಆನ್‌ಸೈಡ್. ಸೆಂಟರ್‌ಬ್ಯಾಕ್‌ಗಳು, ಅಂದರೆ ಸಾಲಿನ ನಡುವಿನ ಇಬ್ಬರು ಡಿಫೆಂಡರ್‌ಗಳ ನಡುವೆ ನಾವು 12 ಗಜ ಇಟ್ಟುಕೊಳ್ಳುತ್ತಿದ್ದೆವು, ಚೆಂಡು ಚೌಕದ ಹತ್ತಿರ ಬಂದಾಗ ಅದು 8ಕ್ಕೆ ಇಳಿಯುತ್ತಿತ್ತು. ಒಬ್ಬಳು ಚೆಂಡಿಗೆ ಹೋದರೆ ಇನ್ನೊಬ್ಬಳು ಅವಳ ಹಿಂದೆ ಓರೆಯಾಗಿ. ಇಬ್ಬರೂ ಒಂದೇ ಚೆಂಡಿಗೆ ಹಾರುವುದೇ ನಾನು ಕಂಡ ಅತಿ ಹೆಚ್ಚು ಗೋಲುಗಳ ಮೂಲ.

ಇದನ್ನು ಕಲಿಯಲು ವಿಡಿಯೊಗಿಂತ ಒಳ್ಳೆಯ ಗುರು ಇಲ್ಲ, ನೋಡುವ ರೀತಿ ಗೊತ್ತಿದ್ದರೆ. 2019ರ ಎನ್‌ಸಿಎಎ ಫೈನಲ್‌ನಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ನಾರ್ತ್ ಕೆರೊಲಿನಾ ಹೆಚ್ಚುವರಿ ಅವಧಿಯೂ ಸೇರಿ 110 ನಿಮಿಷ ಗೋಲಿಲ್ಲದೆ ಆಡಿದವು, ಸ್ಟ್ಯಾನ್‌ಫರ್ಡ್ ಪೆನಾಲ್ಟಿಯಲ್ಲಿ 5–4ರಿಂದ ಗೆದ್ದಿತು. ಆ ಸ್ಟ್ಯಾನ್‌ಫರ್ಡ್ ತಂಡದಲ್ಲಿ ಇನ್ನೂ ಎರಡನೇ ವರ್ಷದಲ್ಲಿದ್ದ ನವೋಮಿ ಗಿರ್ಮಾ ಇದ್ದರು. ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಎನ್‌ಡಬ್ಲ್ಯುಎಸ್‌ಎಲ್‌ನ ತಂಡಗಳು ಕಾಲೇಜ್ ಆಟಗಾರ್ತಿಯರನ್ನು ಆರಿಸಿಕೊಳ್ಳುವ 2022ರ ಡ್ರಾಫ್ಟ್‌ನಲ್ಲಿ ಅವರೇ ಮೊದಲ ಆಯ್ಕೆ. ಅವರ ಆಟ ನೋಡುವಾಗ ಚೆಂಡನ್ನು ಬಿಟ್ಟುಬಿಡಿ. ಚೆಂಡು ಇನ್ನೊಂದು ಬದಿಯಲ್ಲಿದ್ದಾಗ ಅವರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಸಲ ಭುಜದ ಮೇಲಿಂದ ಹಿಂದೆ ನೋಡುತ್ತಾರೆ ಎಂದು ಎಣಿಸಿ. ಎಣಿಸತೊಡಗಿದ ಮೇಲೆ ನನ್ನ ಕತ್ತೂ ತಾನಾಗಿ ತಿರುಗತೊಡಗಿತು.

ಮಾತು ಹೊಸಬರಿಗೆ ಕಷ್ಟ, ಅದರಲ್ಲೂ ಹಿರಿಯರಿಗೆ ಆಜ್ಞೆ ಮಾಡಲು ನಾಲಿಗೆ ಏಳದ ನಮ್ಮಂಥವರಿಗೆ. ಮೊದಲು ಹೆಸರು, ಆಮೇಲೆ ಒಂದೇ ಪದ: ಸ್ಟೆಪ್ (ಮುಂದೆ), ಡ್ರಾಪ್ (ಹಿಂದೆ), ಹೋಲ್ಡ್ (ಅಲ್ಲೇ ನಿಲ್ಲು), ಟರ್ನ್ (ತಿರುಗು). ಹೆಸರಿಲ್ಲದ ಕೂಗು ಯಾರಿಗೂ ತಟ್ಟುವುದಿಲ್ಲ.

ಮೈದಾನವನ್ನು ವಾರ್ಮಪ್‌ಗೆ ಮೊದಲೇ ಅಡ್ಡಲಾಗಿ ನಡೆದು ನೋಡಿ. ಅಗಲ ಕಡಿಮೆ ಇರುವಲ್ಲಿ ಉದ್ದನೆಯ ಥ್ರೋ-ಇನ್ ಕೂಡ ಕಾರ್ನರ್‌ನಷ್ಟೇ ಅಪಾಯಕಾರಿ. ಹೆಡ್ ಮಾಡುವಾಗ ಕಣ್ಣು ತೆರೆದಿರಲಿ, ಹಣೆಯಿಂದ, ಒಂಟಿ ಕಾಲಿನಲ್ಲಿ ಚಿಮ್ಮಿ, ಎತ್ತರಕ್ಕೆ ಮತ್ತು ಬದಿಗೆ. ಚೌಕದ ಮುಂದಿನ ನಡುಜಾಗಕ್ಕೆ ಬಿದ್ದ ಚೆಂಡು ಹೊಡೆತವಾಗಿ ವಾಪಸ್ ಬರುತ್ತದೆ.

ಪಂದ್ಯಗಳು ಹೆಚ್ಚಾಗಿ ಗುರುವಾರ ಮತ್ತು ಭಾನುವಾರ. ನಡುವೆ ಎರಡೇ ದಿನ. ಪಂದ್ಯಕ್ಕೆ ಮೊದಲು ಮತ್ತು ಆಮೇಲೆ ತೂಕ ನೋಡಿ, ಒಂದು ಕೆಜಿ ಇಳಿದಿದ್ದರೆ ಒಂದೂವರೆ ಲೀಟರ್ ನೀರು, ಉಪ್ಪಿನಂಶದ ಜೊತೆ, ಕೆಲವು ಗಂಟೆಗಳಲ್ಲಿ ಸ್ವಲ್ಪಸ್ವಲ್ಪವಾಗಿ. ಪಂದ್ಯಕ್ಕೆ ಮೂರೂವರೆ ಗಂಟೆ ಮೊದಲು ಮೊಸರನ್ನ ನನಗೆ ಪಾಸ್ತಾಗಿಂತ ಹಗುರಾಗಿತ್ತು. ಸಸ್ಯಾಹಾರಿಗಳು ಸೀಸನ್‌ಗೆ ಮೊದಲೇ ಮೈಯ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಹಿಮೋಗ್ಲೋಬಿನ್ ಸರಿಯಿದ್ದರೂ ಆ ದಾಸ್ತಾನು ಬರಿದಾಗಿರಬಹುದು. ಊಟದ ಜೊತೆಗೇ ಕಾಫಿ, ಚಹಾ ಬೇಡ, ಕಾಳಿನ ಪಲ್ಯಕ್ಕೆ ನಿಂಬೆ ಹಿಂಡಿ.

ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜಿನ ಗಾಯ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು, ಅದೂ ಅನೇಕ ಸಲ ಯಾರೂ ತಾಗದೆ, ನೆಗೆದು ಇಳಿಯುವಾಗ ಇಲ್ಲವೆ ದಿಕ್ಕು ಬದಲಿಸುವಾಗ. ಫಿಫಾ 11+ ಎಂಬ 20 ನಿಮಿಷದ ವಾರ್ಮಪ್ ಇದೆ: 8 ನಿಮಿಷ ಓಟ, 10 ನಿಮಿಷ ಬಲ, ನೆಗೆತ, ಸಮತೋಲ, 2 ನಿಮಿಷ ವೇಗದ ಓಟ. ನಾನು ಅದನ್ನು ವಾರಕ್ಕೆ ಮೂರು ಸಲ, ಗೆಳತಿಯ ಫೋನಿನಲ್ಲಿ ಚಿತ್ರ ತೆಗೆಸಿಕೊಂಡು ಮಾಡುತ್ತಿದ್ದೆ. ಇಳಿಯುವಾಗ ಮೊಣಕಾಲು ಒಳಕ್ಕೆ ವಾಲುತ್ತಿದ್ದರೆ ನಮಗೇ ಗೊತ್ತಾಗುವುದಿಲ್ಲ, ಚಿತ್ರದಲ್ಲಿ ಕಾಣುತ್ತದೆ.

ಕಾಲೇಜ್ ಪಂದ್ಯದ ಗಡಿಯಾರ ಇಳಿಮುಖವಾಗಿ ಓಡುತ್ತದೆ, ಸ್ಕೋರ್‌ಬೋರ್ಡ್‌ನಲ್ಲಿ ಎಲ್ಲರಿಗೂ ಕಾಣುವಂತೆ. ಆಟ ನಿಂತ ಹೊತ್ತಿಗೆಂದು ಕೊನೆಯಲ್ಲಿ ನಿಮಿಷ ಸೇರಿಸುವುದಿಲ್ಲ, ಸೊನ್ನೆಗೆ ಬಂದರೆ ಆಟ ಮುಗಿಯಿತು. ಒಂದು ಗೋಲು ಮುಂದಿದ್ದು ಹತ್ತು ಸೆಕೆಂಡ್ ಉಳಿದಿದ್ದರೆ ಚೆಂಡನ್ನು ಗೆರೆಯಾಚೆ ಹೊಡೆದು ಕಾರ್ನರ್ ಕೊಡಬೇಡಿ. ಎದುರಾಳಿಯ ಮೂಲೆಯತ್ತ ಉದ್ದಕ್ಕೆ ಹೊಡೆದು ಸಾಲನ್ನು ಮುಂದೆ ಕರೆದೊಯ್ಯಿರಿ.