ವಿದ್ಯಾರ್ಥಿಗಳೇ ನಡೆಸುವ ಕಾನೂನು ನಿಯತಕಾಲಿಕ: ಕೆಲಸ ಅಡಿಟಿಪ್ಪಣಿಯಿಂದ ಆರಂಭವಾಗಲಿ

ವಿಶ್ವವಿದ್ಯಾಲಯದಲ್ಲಿ ಕಾನೂನು ನಿಯತಕಾಲಿಕವೊಂದನ್ನು ಹೊರತರಲು ಮುಂದಾಗುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೆಸರು, ಮುಖಪುಟ ಮತ್ತು ಸಲಹಾ ಮಂಡಳಿಯ ಗಣ್ಯರ ಪಟ್ಟಿಗೇ ಮೊದಲ ತಿಂಗಳನ್ನು ಕಳೆಯುತ್ತಾರೆ. ಆದರೆ ಓದುಗರ ನಂಬಿಕೆ ಬೆಳೆಯುವುದು ಪ್ರತಿಯೊಂದು ಅಡಿಟಿಪ್ಪಣಿಯನ್ನೂ ಮೂಲದೊಂದಿಗೆ ತಾಳೆ ನೋಡುವ ಶ್ರಮದಿಂದ. ಆದ್ದರಿಂದ ಲೇಖನಗಳನ್ನು ಆಹ್ವಾನಿಸುವ ಮೊದಲೇ ಆ ಕೆಲಸಕ್ಕೆ ತಂಡವನ್ನು ಅಣಿಗೊಳಿಸಬೇಕು.

ಮೊದಲು, ಮೂಲಗಳನ್ನು ಅಡಿಟಿಪ್ಪಣಿಯಲ್ಲಿ ಹೇಗೆ ನಮೂದಿಸಬೇಕೆಂದು ಹೇಳುವ ಉಲ್ಲೇಖ ಪದ್ಧತಿಯೊಂದನ್ನು ಆರಿಸಿಕೊಳ್ಳಿ. ಆಕ್ಸ್‌ಫರ್ಡಿನ ಆಸ್ಕೋಲಾ ಆಗಬಹುದು, 1926ರಲ್ಲಿ ಮೊದಲು ಪ್ರಕಟವಾದ ಅಮೆರಿಕದ ಬ್ಲೂಬುಕ್ ಆಗಬಹುದು; ಎರಡನ್ನೂ ಬೆರೆಸಬಾರದು. ಬ್ಲೂಬುಕ್ಕನ್ನು ಹಾರ್ವರ್ಡ್, ಯೇಲ್, ಕೊಲಂಬಿಯಾ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸಂಪಾದಕರೇ ರೂಪಿಸುತ್ತ ಬಂದಿದ್ದಾರೆ ಎಂಬುದು ಹೊಸ ತಂಡಕ್ಕೆ ಧೈರ್ಯ ಕೊಡುವ ಸಂಗತಿ.

ಬಂದ ಲೇಖನಗಳಿಂದ ಲೇಖಕರ ಹೆಸರು ಮತ್ತು ಕಾಲೇಜಿನ ಗುರುತನ್ನು ಒಬ್ಬರೇ ತೆಗೆದು, ಸಂಖ್ಯೆ ಕೊಟ್ಟು, ಇಬ್ಬರು ಸಂಪಾದಕರಿಗೆ ಪ್ರತ್ಯೇಕವಾಗಿ ಕಳುಹಿಸಬೇಕು. ಕಂಪ್ಯೂಟರ್ ಕಡತದ ಗುಣವಿವರಗಳಲ್ಲಿ (ಪ್ರಾಪರ್ಟೀಸ್) ಲೇಖಕರ ಹೆಸರು ಉಳಿದುಬಿಡುವುದುಂಟು, ಅದನ್ನೂ ಅಳಿಸಬೇಕು. ತಿರಸ್ಕರಿಸಿದ ಲೇಖನಕ್ಕೂ ಕಾರಣಗಳನ್ನು ಬರೆದು ತಿಳಿಸುವುದು ಸೌಜನ್ಯ, ಏಕೆಂದರೆ ಬರೆದವರಲ್ಲಿ ಹೆಚ್ಚಿನವರು ನಿಮ್ಮಂತೆಯೇ ಕಲಿಯುತ್ತಿರುವವರು.

ಆಯ್ಕೆಯಾದ ಲೇಖನದ ತಾಳೆ ನೋಡುವ ಹಂತಕ್ಕೆ ಹೆಚ್ಚು ಸಮಯ ಮೀಸಲಿಡಿ. ಉಲ್ಲೇಖಿಸಿದ ತೀರ್ಪು ಇದೆಯೇ, ಪುಟಸಂಖ್ಯೆ ಸರಿಯೇ ಎಂದು ನೋಡಿದರೆ ಅರ್ಧ ಕೆಲಸ ಮಾತ್ರ ಆದಂತೆ. ಆ ಮಾತನ್ನು ಹೇಳಿದವರು ಯಾರು, ಅದು ಬಹುಮತದ ಅಭಿಪ್ರಾಯವೇ ಎಂಬುದನ್ನೂ ಪರಿಶೀಲಿಸಬೇಕು. ಎಸ್. ಆರ್. ಬೊಮ್ಮಾಯಿ ಪ್ರಕರಣವನ್ನೇ ನೋಡಿ. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಬೊಮ್ಮಾಯಿ ಸರ್ಕಾರವನ್ನು ವಜಾಗೊಳಿಸಿದ್ದರ ಕುರಿತ ಈ ಪ್ರಕರಣದಲ್ಲಿ 9 ನ್ಯಾಯಮೂರ್ತಿಗಳ ಪೀಠವು 1994ರಲ್ಲಿ 6 ಪ್ರತ್ಯೇಕ ಅಭಿಪ್ರಾಯಗಳನ್ನು ನೀಡಿತು. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಎಷ್ಟರಮಟ್ಟಿಗೆ ಪರಿಶೀಲಿಸಬಹುದು ಎಂಬ ಪ್ರಶ್ನೆಯಲ್ಲಿ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ನಿಲುವು ಅದೇ ಪೀಠದ ಸಾವಂತ್ ಮತ್ತು ಜೀವನ್ ರೆಡ್ಡಿ ಅವರ ನಿಲುವಿಗಿಂತ ಬಹಳ ಸಂಕುಚಿತವಾದದ್ದು. ಲೇಖಕರು ವರ್ಮಾ ಅವರ ವಾಕ್ಯವನ್ನು ಉದ್ಧರಿಸಿ, ಕೆಳಗೆ ‘ಸುಪ್ರೀಂ ಕೋರ್ಟ್ ಕೇಸಸ್’ ವರದಿಯ 1994ರ 3ನೇ ಸಂಪುಟ, 1ನೇ ಪುಟ ಎಂಬರ್ಥದ (1994) 3 ಎಸ್‌ಸಿಸಿ 1 ಎಂದು ಬರೆದು, ‘ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ’ ಎಂದರೆ ಉಲ್ಲೇಖ ಸರಿಯಿದ್ದೂ ಕಾನೂನು ತಪ್ಪಾಗುತ್ತದೆ. ಹೀಗಾಗಿ ಪರಿಶೀಲಿಸುವವರು ಮೂಲ ತೀರ್ಪನ್ನು ತೆರೆದು, ಉದ್ಧೃತ ವಾಕ್ಯದ ಹಿಂದಿನ ಹಾಗೂ ಮುಂದಿನ ಪ್ಯಾರಾಗಳನ್ನೂ ಓದಿ, ಅಂಚಿನಲ್ಲಿ ನ್ಯಾಯಮೂರ್ತಿಯ ಹೆಸರು ಮತ್ತು ಪ್ಯಾರಾ ಸಂಖ್ಯೆಯನ್ನು ಬರೆದು ಸಹಿ ಹಾಕಬೇಕು. ಎಸ್‌ಸಿಸಿ ಮತ್ತು ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) ವರದಿಗಳಲ್ಲಿ ಪ್ಯಾರಾ ಸಂಖ್ಯೆಗಳು ಬೇರೆಯಾಗಿರಬಹುದಾದ್ದರಿಂದ ಯಾವುದನ್ನು ನೋಡಿದ್ದೆಂದೂ ನಮೂದಿಸಬೇಕು. ಗ್ರಂಥಾಲಯದಲ್ಲಿ ಸಂಪುಟ ಸಿಗದಿದ್ದರೆ, 2023ರಿಂದ ಉಚಿತವಾಗಿ ಲಭ್ಯವಿರುವ, ಸುಪ್ರೀಂ ಕೋರ್ಟ್ ತೀರ್ಪುಗಳ ಅಧಿಕೃತ ಆನ್‌ಲೈನ್ ಸಂಗ್ರಹವಾದ ಇ-ಎಸ್‌ಸಿಆರ್‌ನಲ್ಲಿ ಹುಡುಕಬಹುದು. ಬೇರೊಂದು ಲೇಖನದ ಅಡಿಟಿಪ್ಪಣಿಯನ್ನು ನೋಡಿ ‘ಸರಿಯಿದೆ’ ಎಂದು ಗುರುತು ಹಾಕುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ; ಒಬ್ಬರ ತಪ್ಪು ಹತ್ತು ಲೇಖನಗಳಿಗೆ ಹರಡುವುದು ಈ ದಾರಿಯಿಂದಲೇ.

ತಿದ್ದುವಾಗ ಲೇಖಕರ ವಾದವನ್ನು ನಿಮ್ಮ ವಾದವಾಗಿಸಬಾರದು. ಸಂದೇಹವನ್ನು ಪ್ರಶ್ನೆಯ ರೂಪದಲ್ಲಿ ಬರೆದು, ಅಂತಿಮ ಪ್ರತಿಗೆ ಅವರ ಒಪ್ಪಿಗೆ ಪಡೆಯಿರಿ.

ಹಕ್ಕುಗಳ ವಿಷಯವನ್ನು ಬಾಯಿಮಾತಿಗೆ ಬಿಡಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು, ಅದಕ್ಕೆ ಸಹಿ ಇರಬೇಕು. ಅವಧಿಯನ್ನು ಹೇಳದಿದ್ದರೆ ಅದು 5 ವರ್ಷ ಎಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದೂ ಪರಿಗಣಿಸಲಾಗುತ್ತದೆ. ವಿದ್ಯಾರ್ಥಿ ಲೇಖಕರ ಹಕ್ಕನ್ನು ಪೂರ್ತಿಯಾಗಿ ಕಿತ್ತುಕೊಳ್ಳುವುದಕ್ಕಿಂತ ಪ್ರಕಟಣೆಯ ಪರವಾನಗಿಯನ್ನಷ್ಟೇ ಪಡೆಯುವುದು ನ್ಯಾಯವೆಂದು ನನ್ನ ಅಭಿಪ್ರಾಯ. ನಿಯತಕಾಲಿಕವನ್ನು ಗುರುತಿಸುವ 8 ಅಂಕಿಗಳ ಐಎಸ್‌ಎಸ್‌ಎನ್ ಸಂಖ್ಯೆಗೆ ದೆಹಲಿಯ ರಾಷ್ಟ್ರೀಯ ಕೇಂದ್ರಕ್ಕೆ ಅರ್ಜಿ ಸಲ್ಲಿಸಬೇಕು; ಇದಕ್ಕೆ ಶುಲ್ಕವಿಲ್ಲ.

ಅಂತಿಮ ವರ್ಷದ ಸಂಪಾದಕರು ಪದವಿ ಮುಗಿಸಿ ಹೊರಟಾಗ ನಿಯತಕಾಲಿಕವೂ ನಿಂತುಹೋಗುವುದನ್ನು ತಪ್ಪಿಸಲು, ಪ್ರತಿ ತಾಳೆ ತಂಡದಲ್ಲಿ ಎರಡನೇ ವರ್ಷದ ಇಬ್ಬರಾದರೂ ಇರಲಿ. ಕೊನೆಯ ಸೆಮಿಸ್ಟರ್ ಆರಂಭವಾಗುವ ಮೊದಲೇ ಇಮೇಲ್ ಗುಪ್ತಪದ, ಲೇಖಕರ ಒಪ್ಪಿಗೆ ಪತ್ರಗಳು, ಪರಿಶೀಲನಾ ಪ್ರತಿಗಳು ಮತ್ತು ಬಾಕಿ ಲೇಖನಗಳ ಪಟ್ಟಿಯನ್ನು ಹೊಸ ಮಂಡಳಿಗೆ ಎದುರು ಕೂತು ಒಪ್ಪಿಸಿ, ಅಧ್ಯಾಪಕ ಸಲಹೆಗಾರರ ಸಹಿ ಪಡೆಯಿರಿ.